ಹೇಳದೇ ಕಲಿಸಿದ ಪಾಠ

ನಮ್ಮೂರಲ್ಲಿ ‘ಆಪರೇಷನ್’ ಅನ್ನೋ ಮಾತಿಗೆ ಮುಚ್ಚುಮರೆ ಇರಲಿಲ್ಲ. “ಎರಡಾಯ್ತಲ್ಲ, ಆಪರೇಷನ್ ಮಾಡಿಸ್ಕೊಂಡ್ಯೇನೇ?” ಅಂತ ಜಗಲಿ ಮೇಲೆ ಕೂತೇ ಕೇಳೋರು. ಕೇಳ್ತಿದ್ದದ್ದು ಹೆಂಗಸರನ್ನ ಮಾತ್ರ. ಅದೇ ಟೀವಿಯಲ್ಲಿ ನಿರೋಧ್ ಜಾಹೀರಾತು ಬಂದ್ರೆ ಅಪ್ಪ ಎದ್ದು ಕೊಟ್ಟಿಗೆ ಕಡೆ ಹೋಗೋರು. ಹೀಗೆ, ಯಾರೂ ಹೇಳದೇ ಗಂಡುಮಕ್ಕಳು ಕಲಿತ ಪಾಠ: ಇದು ಹೆಂಗಸರ ಕೆಲಸ, ಅದೂ ಮಕ್ಕಳಾದ ಮೇಲೆ.

ಅದೇ ಪಾಠ ಬೆಂಗಳೂರಿಗೂ ಬಂದಿದೆ. 1968ರಲ್ಲೇ ಸರ್ಕಾರ 15 ಪೈಸೆಗೆ ಮೂರು ನಿರೋಧ್ ಮಾರಿಸಿತ್ತು. ಇವತ್ತಿಗೂ ಮೆಡಿಕಲ್ ಶಾಪಲ್ಲಿ ಕಾಂಡೋಮ್ ಕೇಳೋಕೆ ಹುಡುಗರಿಗೆ ಮುಜುಗರ. ಆಮೇಲೆ 72 ಗಂಟೆಯೊಳಗೆ ಮಾತ್ರೆ ಹುಡುಕೋದು, ನುಂಗೋದು ಅವಳು. ಅದು ತುರ್ತಿಗಷ್ಟೇ, ದಿನಬಳಕೆಗಲ್ಲ. ಲೈಂಗಿಕ ರೋಗಗಳನ್ನಂತೂ ತಡೆಯೋದೇ ಇಲ್ಲ.

ಬೈಕ್ ಕೀ ಕೊಡುವಾಗ “ಹೆಲ್ಮೆಟ್ ಹಾಕ್ಕೋ ಮಗಾ” ಅನ್ನೋ ಅಪ್ಪಂದಿರು ಇದನ್ನೂ ಅಷ್ಟೇ ಸಲೀಸಾಗಿ ಹೇಳಬೇಕು.