ವೈನಿ ಲ್ಯಾಪ್‌ಟಾಪೂ, ಅಳತಿಗೆ ತಕ್ಕ ಡಿಸ್ಕೂ

ಕುಕ್ಕರಿನ ಗ್ಯಾಸ್ಕೆಟ್ ಸಡ್ಲ ಆದ್ರ ನಾವು ಏನ ಮಾಡ್ತೇವಿ? ಹಳೇ ಗ್ಯಾಸ್ಕೆಟ್ ಚೀಲದಾಗ ಹಾಕ್ಕೊಂಡು ಭಾಂಡೆ ಅಂಗಡಿಗೆ ಹೋಗ್ತೇವಿ, ಅದರ ಮ್ಯಾಲೆ ಹೊಸಾದು ಇಟ್ಟು ಅಳತಿ ನೋಡಿ ತಗೋತೇವಿ. ಅಂಗಡಿಯಾಂವ ಎಷ್ಟ ಭಾರಿ ಮಾಲು ತೋರಿಸಿದ್ರೂ ನಮ್ಮ ಮುಚ್ಚಳಕ್ಕ ಕೂಡಲಿಲ್ಲ ಅಂದ್ರ ಅದು ನಮಗ ಯಾತಕ್ಕೂ ಬರೂದಿಲ್ಲ. ಹಳೇ ಲ್ಯಾಪ್‌ಟಾಪಿಗೆ ಹೊಸಾ ಎಸ್‌ಎಸ್‌ಡಿ ಆರಿಸೂದೂ ಇಷ್ಟಽ ಅದ. ಆದ್ರ ಕಂಪ್ಯೂಟರ್ ಅಂದ ಕೂಡಲೇ ನಾವು ಹೆಣ್ಣಮಕ್ಕಳು "ಅದು ನಮಗ ತಿಳಿಯೂದಿಲ್ಲ ಬಿಡ್ರಿ" ಅಂತ ಹಿಂದ ಸರದ ನಿಂದರ್ತೇವಿ. ಅದಕ್ಕಽ ಈ ಸಲ ಅಡಿಗಿ, ಹಬ್ಬ ಬಿಟ್ಟು ಇದನ್ನ ಬರೀಲಿಕ್ಕತ್ತೇನಿ.

ಹುಬ್ಬಳ್ಳಿ ನಮ್ಮ ವೈನಿ ಮನ್ಯಾಗಽ ಚಟ್ನಿಪುಡಿ, ಖಡಕ್ ರೊಟ್ಟಿ ಮಾಡಿ ಕೊಡ್ತಾಳ. ಅಣ್ಣಗ ಆರಾಮ ಇಲ್ಲದಾಗಿಂದ ಅದಽ ಮನಿ ನಡಸ್ಲಿಕ್ಕತ್ತದ. ಯಾರಿಗೆ ಎಷ್ಟ ಕಿಲೋ ಹೋತು, ಯಾರ ರೊಕ್ಕ ಬರಬೇಕು, ಎಲ್ಲಾ ಲೆಕ್ಕ ಒಂದು ಲ್ಯಾಪ್‌ಟಾಪಿನಾಗ. ಅದು ಥಿಂಕ್‌ಪ್ಯಾಡ್ ಟಿ430, 2012ರ ಮಾಡೆಲ್ಲು. ಯಾವುದೋ ಆಫೀಸಿನಾಗ ದುಡದು, ಸೆಕೆಂಡ್ ಹ್ಯಾಂಡ್ ಆಗಿ ವೈನಿ ಮನಿಗೆ ಬಂದದ್ದು. ಇತ್ತೀಚಿಗೆ ಬಟನ್ ಒತ್ತಿ, ಒಂದ ಒಬ್ಬಿ ರೊಟ್ಟಿ ಬಡದು ಬಂದ್ರೂ ಅದು ಇನ್ನೂ ಏಳತಿರಲಿಲ್ಲ. ಮ್ಯಾಲೆ ಒಳಗಿಂದ ಟಿಕ್ ಟಿಕ್ ಸಪ್ಪಳ ಬ್ಯಾರೆ. ರಿಪೇರಿ ಅಂಗಡಿಯಾಗ "ಇದರ ಆಯುಷ್ಯ ಮುಗೀತ್ರಿ, 45,000ಕ್ಕ ಹೊಸಾದು ತಗೋರಿ" ಅಂದ್ರಂತ. ಅಷ್ಟು ರೊಕ್ಕ ವೈನಿ ಹತ್ರ ಇತ್ತು ಖರೆ. ಆದ್ರ ಅದು ಮಗಳ ಹಾಸ್ಟೆಲ್ ಫೀಗೆ ಅಂತ ಕೂಡಿಟ್ಟದ್ದು.

ನಾನು ಹೋದವಳು ಮೊದಲ ಆ ಸಪ್ಪಳ ಕೇಳಿದೆ. ಹಳೇ ಹಾರ್ಡ್ ಡಿಸ್ಕಿನಾಗ ಒಂದು ತಟ್ಟಿ ಗರಗರ ತಿರಗ್ತಿರತದ, ನಿಮಿಷಕ್ಕ 5,400 ಇಲ್ಲಾ 7,200 ಸುತ್ತು. ಅದರ ಮ್ಯಾಲೆ ಸೂಜಿಯಂಥಾ ಒಂದು ಕೈ ಓಡಾಡಿ ಬರದದ್ದನ್ನ ಹುಡಕ್ತದ. ಅಟ್ಟದ ಮ್ಯಾಲೆ ನಿಚ್ಚಣಿಕಿ ಹಾಕಿ ಒಂದೊಂದಽ ಡಬ್ಬಿ ಇಳಿಸಿಧಂಗ. ಎಸ್‌ಎಸ್‌ಡಿ ಒಳಗ ತಿರಗೂದು ಏನೂ ಇಲ್ಲ, ಬರೇ ಚಿಪ್ಪು. ಒಲಿ ಮುಂದ ಸಾಲಾಗಿ ಇಟ್ಟ ಮಸಾಲಿ ಡಬ್ಬಿಧಂಗ, ಕೈ ಚಾಚಿದ್ರ ಸಿಗ್ತದ. ಲ್ಯಾಪ್‌ಟಾಪ್ ಏಳಬೇಕಾದ್ರ ಸಾವಿರಾರು ಸಣ್ಣ ಸಣ್ಣ ಫೈಲ್ ಹುಡಕಬೇಕಾಗ್ತದ. ಹಳೇ ಡಿಸ್ಕು ಅಲ್ಲೇ ಸೋಲ್ತದ.

ಟಿಕ್ ಟಿಕ್ ಅನ್ನೂ ಡಿಸ್ಕು ಯಾವಾಗ ಕೈಕೊಡ್ತದ ಅಂತ ಹೇಳ್ಲಿಕ್ಕೆ ಬರೂದಿಲ್ಲ. ಹಿಂಗಾಗಿ ಅಂಗಡಿಗೆ ಹೋಗೂಕಿಂತಾ ಮೊದಲ ಮಾಡಿದ ಕೆಲಸ ಅಂದ್ರ ವೈನಿ ಲೆಕ್ಕದ ಫೈಲು, ಫೋಟೋ ಎಲ್ಲಾ ಒಂದು ಪೆನ್ ಡ್ರೈವಿಗೆ ಕಾಪಿ ಮಾಡಿದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಪುಗಸಟ್ಟೆ ಪ್ರೋಗ್ರಾಂ ಅದ, ಡಿಸ್ಕಿನ ನಾಡಿ ನೋಡಿ ಹೇಳ್ತದ. ಅದು ಹಳದಿ ಬಣ್ಣದಾಗ ಎಚ್ಚರಿಕಿ ತೋರಿಸ್ತು. ರೋಗ ಲ್ಯಾಪ್‌ಟಾಪಿಂದಲ್ಲ, ಡಿಸ್ಕಿಂದು ಅಂತ ಅಲ್ಲೇ ಖಾತ್ರಿ ಆತು.

ಇನ್ನ ಆರಿಸೂ ಮಾತು. ಅಂಗಡಿಯಾಗ ಎಸ್‌ಎಸ್‌ಡಿ ಕೊಡ್ರಿ ಅಂದ್ರ ಮೂರು ನಮೂನಿ ತೋರಸ್ತಾರ. ಒಂದು, ಎರಡೂವರಿ ಇಂಚಿನ ಸಾಟಾ ಡ್ರೈವು. ಅಂಗೈ ಅಗಲ, 7 ಮಿಲಿಮೀಟರ್ ದಪ್ಪ, ಹಳೇ ಹಾರ್ಡ್ ಡಿಸ್ಕಿನ ಆಕಾರಽ. ಎರಡನೇದು ಎಂಸಾಟಾ, ಬೆಂಕಿಪೊಟ್ಟಣದಷ್ಟ ಪಟ್ಟಿ, ಈಗ ಅಪರೂಪ. ಮೂರನೇದು ಎಂ.2, ಚೂಯಿಂಗ್ ಗಮ್ಮಿನಂಥಾ ಉದ್ದನ್ನ ಪಟ್ಟಿ. ಅದರ ಮ್ಯಾಲೆ 2280 ಅಂತ ಬರದಿದ್ರ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಅಂತ ಅರ್ಥ. ಈ ಎಂ.2 ಒಳಗ ಮತ್ತ ಎರಡು ಜಾತಿ, ಸಾಟಾ ಮತ್ತ ಎನ್‌ವಿಎಂಇ. ನೋಡ್ಲಿಕ್ಕೆ ಅಕ್ಕ ತಂಗಿ ಇದ್ಧಂಗ ಇರ್ತಾವ, ಆದ್ರ ಒಂದರ ಜಾಗಾದಾಗ ಇನ್ನೊಂದು ನಡೀತದ ಅಂತ ಖಾತ್ರಿ ಇಲ್ಲ.

ಅಂಗಡಿಯ ಹುಡುಗ ಎನ್‌ವಿಎಂಇನಽ ಮುಂದ ಮಾಡಿದ. "ಇದು ಅಗದೀ ಫಾಸ್ಟ್‌ರಿ ಅಕ್ಕಾ." ಫಾಸ್ಟ್ ಇರೂದು ಖರೆ, ಆದ್ರ ಟಿ430 ಒಳಗ ಎಂ.2 ಜಾಗಾನಽ ಇಲ್ಲ. ಅದರಾಗ ಇರೂದು ಒಂದು ಎರಡೂವರಿ ಇಂಚಿನ ಖಾನೆ, ಒಂದು ಎಂಸಾಟಾ ಜಾಗಾ. ಎಂಸಾಟಾದ್ದು ಸಾಟಾ-2, 3 ಗಿಗಾಬಿಟ್ಟಿನ ಸಣ್ಣ ದಾರಿ. ಎರಡೂವರಿ ಇಂಚಿಂದು ಸಾಟಾ-3, 6 ಗಿಗಾಬಿಟ್ಟಿಂದು. ಆ ದಾರ್ಯಾಗ ಒಳ್ಳೇ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದ್ತದ, ಹಳೇ ಡಿಸ್ಕು ಓದೂದು ನೂರರ ಆಸುಪಾಸು. ಅದಕ್ಕ ನಾವು ಎರಡೂವರಿ ಇಂಚಿಂದಽ ಕೊಡ್ರಿ ಅಂದಿವಿ.

ಇದೆಲ್ಲಾ ನನಗ ಹೆಂಗ ಗೊತ್ತಾತು ಅಂದ್ರ, ಲ್ಯಾಪ್‌ಟಾಪ್ ಬೋರಲ ಹಾಕಿದ್ರ ತಳಕ್ಕ ಮಾಡೆಲ್ ನಂಬರಿನ ಚೀಟಿ ಇರ್ತದ. ಆ ನಂಬರಿನ ಮ್ಯಾಲೆ ಕಂಪನಿಯ ಸರ್ವಿಸ್ ಮ್ಯಾನುಅಲ್ ಸಿಗ್ತದ. ಯಾವ ಸ್ಕ್ರೂ ಎಲ್ಲೆ, ಯಾವ ಖಾನ್ಯಾಗ ಏನ ಕೂಡ್ತದ, ಎಲ್ಲಾ ಚಿತ್ರ ಸಹಿತ ಇರ್ತದ. ಓದೂಕಿ ಇಂಗ್ಲೀಷ್ ಪಂಡಿತಳಽ ಇರಬೇಕಂತಿಲ್ಲ.

ಸೈಜಿನ ವಿಷಯ ಬಂದಾಗ ವೈನಿ "ಭಾಳ ದೊಡ್ಡದು ಬ್ಯಾಡ" ಅಂದ್ಲು. ಹಳೇ ಡಿಸ್ಕಿನಾಗ ತುಂಬಿದ್ದು 140 ಜಿಬಿ. 240ರದ್ದು ಸಾಲ್ತಿತ್ತು, ಆದ್ರ ಎಸ್‌ಎಸ್‌ಡಿ ಕಂಠಮಟ ತುಂಬಿದ್ರ ಮಂದ ಆಗ್ತದ, ಉಪ್ಪಿನಕಾಯಿ ಭರಣಿಗತೆ ಮ್ಯಾಲೆ ಒಂದೀಟು ಜಾಗಾ ಬಿಡಬೇಕು. ಮಗಳ ಫೋಟೋ, ವಿಡಿಯೋ ಬ್ಯಾರೆ ದಿನಾ ಕೂಡೂವು. ಲೆಕ್ಕಾ ಹಾಕಿ 500 ಜಿಬಿದು ತಗೊಂಡಿವಿ. ವಿಂಡೋಸಿನಾಗ 500 ಜಿಬಿ ಡ್ರೈವು 465 ಅಂತ ಕಾಣಸ್ತದ, ಅದು ಮೋಸ ಅಲ್ಲ. ಕಂಪನಿಯವರು ಸಾವಿರದ ಲೆಕ್ಕದಾಗ ಎಣಸ್ತಾರ, ವಿಂಡೋಸು 1,024ರ ಲೆಕ್ಕದಾಗ.

ಹಾಕೂದು ಹದಿನೈದು ನಿಮಿಷದ ಕೆಲಸ. ಚಾರ್ಜರ್ ಕಿತ್ತು, ಬ್ಯಾಟರಿ ತಗದು, ಬಾಜೂಕಿನ ಒಂದು ಸ್ಕ್ರೂ ಬಿಚ್ಚಿ ಹಳೇ ಡಿಸ್ಕ್ ಜಗ್ಗಿದಿವಿ. ಅದರ ಅಂಚಿನ ರಬ್ಬರ್ ಬಿಚ್ಚಿ ಹೊಸಾದಕ್ಕ ಹಾಕಿ ಒಳಗ ತಳ್ಳಿದಿವಿ. ಸ್ಕ್ರೂ ಬಿಚ್ಚಿದವಳು ವೈನಿನಽ. ಮಿಕ್ಸರ್ ಜಾರಿನ ಬ್ಲೇಡ್ ಬದಲಿ ಮಾಡೂ ಕೈ ಅದು, ನಡಗಲಿಲ್ಲ.

ಒಂದು ಮಾತು ಮಾತ್ರ ಮುಚ್ಚಿಡಬಾರದು. ಎಸ್‌ಎಸ್‌ಡಿ ಹಾಕಿದ್ರ ಹಳೇ ಲ್ಯಾಪ್‌ಟಾಪು ಹೊಸಾದು ಆಗೂದಿಲ್ಲ. ವಿಂಡೋಸ್ 10ಕ್ಕ ಮೈಕ್ರೋಸಾಫ್ಟಿನವರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕ ಮುಗೀತು. ವಿಂಡೋಸ್ 11 ನಡಸಬಹುದು ಅಂತ ಅವರು ಕೊಟ್ಟ ಯಾದ್ಯಾಗ ಇಷ್ಟು ಹಳೇ ಪ್ರೊಸೆಸರ್ ಇಲ್ಲ. ಬ್ಯಾಂಕಿನ ಕೆಲಸಾನೂ ಅದರಾಗಽ ಮಾಡೂ ವೈನಿಗೆ ಅಪ್‌ಡೇಟ್ ಇಲ್ಲದ ಮಷೀನು ಬ್ಯಾಡ ಅನಿಸ್ತು. ಹಿಂಗಾಗಿ ಲಿನಕ್ಸ್ ಮಿಂಟ್ ಹಾಕಿದಿವಿ, ರೊಕ್ಕ ಕೊಡೂದಿಲ್ಲ. ಎಕ್ಸೆಲಿನಾಗ ಮಾಡಿಟ್ಟ ಲೆಕ್ಕ ಲಿಬ್ರೆಆಫೀಸಿನಾಗ ತೆರೀತಾವ, ಕನ್ನಡದಾಗ ಟೈಪೂ ಮಾಡಬಹುದು. ಎರಡ ದಿನ ವೈನಿ "ಆ ಬಟನ್ ಎಲ್ಲೆ ಹೋತು" ಅಂತ ಗೊಣಗಿದ್ಲು, ಮೂರನೇ ದಿನ ಫೋನ್ ಬರಲಿಲ್ಲ.

ಈಗ ಅದು ಅರ್ಧ ನಿಮಿಷದಾಗ ಏಳ್ತದ. ಖರ್ಚು ಅಂಗಡಿಯವರು ಹೇಳಿದ 45,000ದಾಗ ಹತ್ತನೇ ಪಾಲೂ ಆಗಲಿಲ್ಲ. ಆದ್ರ ಪೆನ್ ಡ್ರೈವಿನ ಕಾಪಿ ಮಾತ್ರ ಅಳಿಸಬ್ಯಾಡ ಅಂತ ವೈನಿಗೆ ಬಿಗಿಯಾಗಿ ಹೇಳಿ ಬಂದೇನಿ. ಹಾರ್ಡ್ ಡಿಸ್ಕು ಕೆಲವೊಮ್ಮೆ ಟಿಕ್ ಟಿಕ್ ಅಂದರ ಎಚ್ಚರಸ್ತದ, ಎಸ್‌ಎಸ್‌ಡಿಗೆ ಬಾಯಿಲ್ಲ, ಹೋದ್ರ ಸದ್ದಿಲ್ಲದಽ ಹೋಗ್ತದ. ಈಗ ಪ್ರತಿ ಶುಕ್ರವಾರ, ವಾರದ ಉದ್ರಿ ಲೆಕ್ಕ ಮುಗಿಸಿದ ಮ್ಯಾಲೆ, ವೈನಿ ಅದನ್ನ ಕಾಪಿ ಮಾಡಿ ಪೆನ್ ಡ್ರೈವು ದೇವರ ಮನಿ ಕಪಾಟಿನಾಗ ಇಡ್ತಾಳ. ಹಾಸ್ಟೆಲ್ ಫೀ ವ್ಯಾಳ್ಯಾಕ್ಕ ತುಂಬಿದ್ಲು, ಅದರ ಪಾವತಿನೂ ಅದಽ ಕಪಾಟಿನಾಗ ಅದ.