ಅಟ್ಟದ ಕಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ - ತುಮಕೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಯಾವ ದಾರಿ ಹಿಡಿದು ಹೊರಟರೂ ಸ್ವಲ್ಪ ಹೊತ್ತಿನಲ್ಲಿಯೇ ತೆಂಗಿನ ತೋಟದ ನೆರಳು ಮೈಮೇಲೆ ಬೀಳುತ್ತದೆ. ಕರಾವಳಿಯವರು ಕಾಯಿಯನ್ನು ಎರಡು ಹೋಳು ಮಾಡಿ ಬಿಸಿಲಿನಲ್ಲಿ ಒಣಗಿಸಿ ಕೊಬ್ಬರಿ ತೆಗೆಯುತ್ತಾರೆ. ನಮ್ಮ ಸೀಮೆಯ ಕ್ರಮವೇ ಬೇರೆ. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ, ಹತ್ತು ಹನ್ನೆರಡು ತಿಂಗಳು ಅದರ ಪಾಡಿಗೆ ಅದನ್ನು ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನೇ ತಾನಾಗಿ ಇಂಗುತ್ತದೆ; ತಿರುಳು ಕರಟದಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಆಗ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಡಗಡ ಎಂಬ ಸದ್ದು ಕೇಳುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಉಂಡೆ ಕೊಬ್ಬರಿ ಇದೇ. ಹೊಂಬಾಳೆ ಒಡೆದಂದಿನಿಂದ ಕಾಯಿ ಬಲಿಯಲು ಒಂದು ವರ್ಷ. ಅಟ್ಟದ ಮೇಲೆ ಹೆಚ್ಚುಕಡಿಮೆ ಇನ್ನೊಂದು ವರ್ಷ. ಇಂಥ ಬೆಳೆಯನ್ನು ದೇವರು ತಾಳ್ಮೆಯುಳ್ಳವರಿಗಾಗಿಯೇ ಸೃಷ್ಟಿಸಿದ್ದಿರಬೇಕು. ಆದರೆ ನಮ್ಮ ತೋಟವನ್ನು ಆತ ನಮ್ಮ ತಂದೆಯವರಿಗೆ ಕೊಟ್ಟಿದ್ದ.

ತಂದೆಯವರಿಗೆ ತಾಳ್ಮೆ ಎಂಬುದೇ ತಿಳಿಯದು. ಕೋಳಿ ಕೂಗುವ ಮೊದಲೇ ಎದ್ದು, ಕೋಳಿ ಇನ್ನೂ ಏಕೆ ಕೂಗಲಿಲ್ಲವೆಂದು ಗೊಣಗುವ ಸ್ವಭಾವ ಅವರದು. ಊಟ ಮಾಡುವಾಗಲೇ ಲೆಕ್ಕದ ಪುಸ್ತಕ ಪಕ್ಕದಲ್ಲಿರುತ್ತಿತ್ತು. ಎದುರಿಗಿದ್ದವರು ಮಾತನ್ನು ಅರ್ಧ ಆಡುವಷ್ಟರಲ್ಲಿ ಉಳಿದರ್ಧವನ್ನು ತಾವೇ ಮುಗಿಸುತ್ತಿದ್ದರು; ಬಹಳ ಸಲ ತಪ್ಪಾಗಿಯೇ ಮುಗಿಸುತ್ತಿದ್ದರು. ಜಗಲಿಯ ಮೇಲೆ ಕುಳಿತರೂ ಅದರ ಅಂಚಿನಲ್ಲಿ ಕೂರುವರೇ ಹೊರತು ಗೋಡೆಗೆ ಒರಗಿದ್ದನ್ನು ನಾನು ಕಂಡಿರಲಿಲ್ಲ. ಒಂದು ಕಾಲು ಸದಾ ನೆಲದ ಮೇಲೆ, ಯಾರೋ ಕರೆದರೆ ಓಡಲು ಸಿದ್ಧವಾಗಿ.

ಅವರ ಅಣ್ಣ, ನಮ್ಮ ದೊಡ್ಡಪ್ಪ, ಇದಕ್ಕೆ ನೇರ ವಿರುದ್ಧ. ಯಾವ ಪ್ರಶ್ನೆಗೂ ಅವರ ಬಳಿ ಒಂದೇ ಉತ್ತರವಿತ್ತು - “ನೋಡೋಣ.” ತಿಪಟೂರಿಗೆ ಹೋಗಬೇಕಾದ ದಿನ ತಂದೆಯವರು ಬಸ್ಸಿಗೆ ಒಂದು ಗಂಟೆ ಮೊದಲೇ ಹೋಗಿ ರಸ್ತೆಯಲ್ಲಿ ಶತಪಥ ಹಾಕುತ್ತಿದ್ದರು. ದೊಡ್ಡಪ್ಪನವರು ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡ ಮೇಲೆ ಎಲೆ ಅಡಿಕೆ ಮಡಿಸಿ ಬಾಯಿಗೆ ಹಾಕಿಕೊಂಡು ಎದ್ದುಬರುತ್ತಿದ್ದರು. ಇಬ್ಬರೂ ಒಂದೇ ಬಸ್ಸು ಹತ್ತಿ ಒಂದೇ ಹೊತ್ತಿಗೆ ತಿಪಟೂರು ಸೇರುತ್ತಿದ್ದರು ಎಂಬುದು ನನಗೆ ಬಹುಕಾಲ ಸೋಜಿಗವಾಗಿತ್ತು.

ಕಾಯಿ ಅಟ್ಟಕ್ಕೇರಿ ಐದು ತಿಂಗಳಾಗುವಷ್ಟರಲ್ಲಿ ತಂದೆಯವರು ಏಣಿ ಹತ್ತಿಬಿಡುತ್ತಿದ್ದರು. ಒಂದೊಂದೇ ಕಾಯಿಯನ್ನು ಅಲ್ಲಾಡಿಸಿ ನೋಡುವರು. ಒಳಗೆ ನೀರು ಕುಲುಕುವ ಸದ್ದು. ಆದರೂ ನಂಬಿಕೆಯಿಲ್ಲದೆ ಒಂದನ್ನು ಒಡೆಯುವರು, ನೀರು ಚೆಲ್ಲುವುದು. “ಇನ್ನೂ ಆಗಿಲ್ಲ!” ಎಂದು ಕಾಯಿಯ ಮೇಲೆಯೇ ಸಿಡುಕುವರು. ಕೆಳಗಿನಿಂದ ದೊಡ್ಡಪ್ಪನವರು ಮೆಲ್ಲನೆ ಹೇಳುವರು: “ನಿನಗೆ ಅವಸರವಿದೆ ಎಂಬುದು ಅದರೊಳಗಿನ ನೀರಿಗೆ ಹೇಗಪ್ಪ ಗೊತ್ತಾಗಬೇಕು?”

ಮಕ್ಕಳಾದ ನಮಗೆ ಇದು ನಗೆಯ ವಿಷಯವಾಗಿತ್ತು. ನಗೆ ಮಾಯವಾದದ್ದು ಬರಗಾಲ ಬಂದಾಗ.

2001ರಿಂದ ಮೂರು ವರ್ಷ ಒಂದೇ ಸಮನೆ ನಾಡಿಗೆ ಮಳೆ ಕೈಕೊಟ್ಟಿತು. ಅದರ ಜೊತೆಗೆ ನುಸಿ ಪೀಡೆ. 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡ, ಕಣ್ಣಿಗೆ ಕಾಣದಷ್ಟು ಸಣ್ಣದಾದ ಆ ಜೀವಿ ನಮ್ಮ ತೋಟಗಳಿಗೂ ಹಬ್ಬಿತ್ತು. ಎಳೆಗಾಯಿಯ ತೊಟ್ಟಿನ ಕೆಳಗೆ ಸೇರಿಕೊಂಡು ಅದು ರಸ ಹೀರಿದರೆ ಕಾಯಿಯ ಮೈಯೆಲ್ಲ ಕಂದು ಬಣ್ಣದ ಬಿರುಕು. ಕಾಯಿ ಕುಗ್ಗಿ ಸಣ್ಣದಾಗುತ್ತದೆ. ನಾನಾಗ ಒಂಬತ್ತನೆಯ ತರಗತಿಯಲ್ಲಿದ್ದೆ. ಶಾಲೆಯಿಂದ ಬರುವಾಗ ಜೋತುಬಿದ್ದ ಗರಿಗಳನ್ನು ಎಣಿಸುವುದು ನನಗೆ ಅಭ್ಯಾಸವಾಗಿಹೋಗಿತ್ತು.

ತಂದೆಯವರು ಸುಮ್ಮನಿರಲಿಲ್ಲ. ಯಾರನ್ನೂ ಕೇಳದೆ ಸಾಲ ತಂದು ಕೊಳವೆ ಬಾವಿ ಕೊರೆಸಿದರು. ಇಡೀ ರಾತ್ರಿ ಯಂತ್ರ ಮೊರೆಯಿತು. ಬೆಳಗಾಗುವ ವೇಳೆಗೆ ತೋಟದ ತುಂಬ ಬಿಳಿಯ ಕಲ್ಲಿನ ಪುಡಿ ಬಿದ್ದಿತ್ತು, ನೀರು ಬರಲಿಲ್ಲ. ದೊಡ್ಡಪ್ಪನವರು ಏನೂ ಅನ್ನಲಿಲ್ಲ. ಆ ಮೌನವೇ ತಂದೆಯವರನ್ನು ಹೆಚ್ಚು ನೋಯಿಸಿತೆಂದು ತೋರುತ್ತದೆ. “ನಿನ್ನ ‘ನೋಡೋಣ’ದಿಂದಲೇ ಅಣ್ಣಯ್ಯ, ಮರಗಳು ಒಣಗುತ್ತಿರುವುದು! ನಾನು ದುಡುಕಿ ಕೆಟ್ಟೆ, ಒಪ್ಪುತ್ತೇನೆ. ನೀನು ಕೂತು ಕೆಡಿಸಿದೆ” ಎಂದು ಕೂಗಿದರು. ಅಂದು ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಪಾಲಿನ ಮಾತು ಬಂದಿತು. ತೋಟಕ್ಕೆ ಬದು ಹಾಕುವುದು, ಮನೆಗೆ ನಡುವೆ ಗೋಡೆ ಎಬ್ಬಿಸುವುದು ಎಂದಾಯಿತು. ಒಲೆಯ ಮುಂದೆ ಕುಳಿತಿದ್ದ ಅಜ್ಜಿ ತಲೆ ಎತ್ತದೆಯೇ ಕೇಳಿದಳು: “ಮನೆಗೆ ಗೋಡೆ ಹಾಕ್ತೀರಪ್ಪ, ಅಟ್ಟವನ್ನು ಹೇಗೆ ಸೀಳ್ತೀರಿ?”

ಅಟ್ಟವು ಮನೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಆಗಿತ್ತು. ಯಾರೂ ಉತ್ತರ ಹೇಳಲಿಲ್ಲ.

ಮರುದಿನ ದೊಡ್ಡಪ್ಪನವರು ತಂದೆಯವರನ್ನು ಬತ್ತಿದ ಕೆರೆಯಂಗಳಕ್ಕೆ ಕರೆದುಕೊಂಡು ಹೋದರು. ಅವರು ಸುಮ್ಮನೆ ಕುಳಿತಿರಲಿಲ್ಲ, ಒಂದು ವರ್ಷದಿಂದ ಯೋಚಿಸುತ್ತಿದ್ದರು ಎಂಬುದು ಅಂದು ತಿಳಿಯಿತು. ಕೆರೆಯ ಗೋಡುಮಣ್ಣನ್ನು ತಂದು ತೋಟಕ್ಕೆ ಹರಡಬೇಕು. ಮರಗಳ ಸಾಲಿನ ನಡುವೆ ಗುಂಡಿ ತೋಡಿ, ಮನೆಯ ಹಿಂದೆ ರಾಶಿ ಬಿದ್ದಿರುವ ಕಾಯಿಸಿಪ್ಪೆಯನ್ನು ಒಳಮೈ ಮೇಲಾಗುವಂತೆ ಒತ್ತೊತ್ತಾಗಿ ಹೂಳಬೇಕು. ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಬಿದ್ದ ನಾಲ್ಕು ಹನಿಯನ್ನೂ ಬೇರಿಗಾಗಿ ಕಾದಿಡುತ್ತದೆ. ಯೋಚನೆ ಸರಿಯಾಗಿಯೇ ಇತ್ತು. ಆದರೆ ಆ ಒಂದು ವರ್ಷದಲ್ಲಿ ಅವರು ಒಂದು ಮಂಕರಿ ಮಣ್ಣನ್ನೂ ಎತ್ತಿರಲಿಲ್ಲ! ತಂದೆಯವರು ಆ ಸಂಜೆಯೇ ಎರಡು ಗಾಡಿ ಗೊತ್ತುಮಾಡಿದರು. ದೊಡ್ಡಪ್ಪನವರಿಗೆ ಇನ್ನೂ ಎರಡು ವರ್ಷ ಹಿಡಿಯಬಹುದಾಗಿದ್ದ ಕೆಲಸ ಇಪ್ಪತ್ತು ದಿನಗಳಲ್ಲಿ ಮುಗಿಯಿತು. 2005ರಲ್ಲಿ ಮಳೆ ಹಿಡಿಯುವ ವೇಳೆಗೆ ನಾವು ಇಪ್ಪತ್ತೊಂದು ಮರಗಳನ್ನು ಕಳೆದುಕೊಂಡಿದ್ದೆವು. ಉಳಿದವು ಉಳಿದುಕೊಂಡವು. ಗೋಡೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮುಂದೆ ಕಾಲೇಜು ಸೇರಿದಾಗ ಗ್ರಂಥಾಲಯದಲ್ಲಿ ಒಂದು ಹಳೆಯ ಪುಸ್ತಕ ನನ್ನ ಕೈಗೆ ಬಂದಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿದ್ದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ ಎಂಬ ಇಬ್ಬರು ಹೃದಯ ವೈದ್ಯರು 1974ರಲ್ಲಿ ಪ್ರಕಟಿಸಿದ ಪುಸ್ತಕವದು. ಅವರ ವಿಚಾರದ ಹಿಂದೆ ಒಂದು ಸ್ವಾರಸ್ಯವಾದ ಸಂಗತಿಯಿದೆ. ಅವರ ಚಿಕಿತ್ಸಾಲಯದ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಲು ಬಂದ ಕೆಲಸಗಾರನೊಬ್ಬ, ಇಲ್ಲಿ ಕುರ್ಚಿಗಳ ಮುಂದಿನ ಅಂಚು ಮಾತ್ರ ಸವೆದಿದೆಯಲ್ಲ ಎಂದು ಅಚ್ಚರಿಪಟ್ಟನಂತೆ. ರೋಗಿಗಳು ಒರಗಿ ಕೂರದೆ ಅಂಚಿನಲ್ಲಿ ಕುಳಿತು ಚಡಪಡಿಸುತ್ತಿದ್ದರು. ವೈದ್ಯರು ಆಗ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ವರ್ಷಗಳ ಮೇಲೆ ಅದರ ಅರ್ಥ ಹೊಳೆಯಿತು. ಸದಾ ಗಡಿಯಾರದೊಡನೆ ಓಟ, ಒಂದೇ ಹೊತ್ತಿಗೆ ಎರಡು ಕೆಲಸ, ಪೈಪೋಟಿ, ಬೇಗನೆ ಸಿಟ್ಟು, ಇತರರ ಮಾತನ್ನು ತಾವೇ ಮುಗಿಸುವುದು - ಇಂಥವರನ್ನು ಅವರು ‘ಎ’ ಮಾದರಿಯವರೆಂದು ಕರೆದರು. ನಿಧಾನವಾಗಿ, ನಿರಾತಂಕವಾಗಿ ಇರುವವರು ‘ಬಿ’ ಮಾದರಿಯವರು. ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಎಂಟೂವರೆ ವರ್ಷಗಳ ಕಾಲ ಗಮನಿಸಿ, ಮೊದಲ ಮಾದರಿಯವರಿಗೆ ಹೃದಯರೋಗ ಸುಮಾರು ಎರಡು ಪಟ್ಟು ಹೆಚ್ಚೆಂದು ಅವರು ವರದಿ ಮಾಡಿದ್ದರು.

ಕುರ್ಚಿಯ ಅಂಚಿನ ಸಂಗತಿಯನ್ನು ಓದಿದೊಡನೆ ನಮ್ಮ ಮನೆಯ ಜಗಲಿ ಕಣ್ಣಮುಂದೆ ಬಂದು ನನ್ನ ಎದೆ ಧಸಕ್ಕೆಂದಿತು. ಆ ರಜೆಯಲ್ಲಿ ಊರಿಗೆ ಬಂದವನು ತಂದೆಯವರ ಬೆನ್ನು ಬಿಡಲಿಲ್ಲ. ಅವರು ಏಣಿ ಹತ್ತಿದರೆ ನನಗೆ ಭಯ, ಕೂಗಾಡಿದರೆ ಭಯ.

ಆದರೆ ನೋವು ಬಂದದ್ದು ದೊಡ್ಡಪ್ಪನವರಿಗೆ. ಒಂದು ಸಂಜೆ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, “ಯಾಕೋ ಎದೆ ಹಿಡಿದ ಹಾಗಿದೆ. ಎಡಗೈಯೂ ಜೋಮು ಹಿಡಿದಿದೆ. ವಾಯು ಇರಬೇಕು. ಬೆಳಗ್ಗೆ ನೋ...” ಎಂದರು. ತಂದೆಯವರು ಆ ಮಾತನ್ನು ಪೂರ್ತಿ ಆಡಗೊಡಲಿಲ್ಲ. ಅರ್ಧಮಾತಿಗೆ ಅಡ್ಡಬರುವ ಅವರ ಆ ಕೆಟ್ಟ ಅಭ್ಯಾಸ ಅಂದು ನಮ್ಮ ಮನೆಯನ್ನು ಕಾಯಿತು. ಕೊಬ್ಬರಿ ಚೀಲ ತುಂಬಿ ನಿಂತಿದ್ದ ನೆರೆಯವರ ಟೆಂಪೋದಿಂದ ಚೀಲಗಳನ್ನು ಕೆಳಗೆ ಉರುಳಿಸಿ, ಚಾಪೆ ಹಾಸಿ, ಅಣ್ಣನನ್ನು ಮಲಗಿಸಿ, ಮುಕ್ಕಾಲು ಗಂಟೆಯೊಳಗೆ ಆಸ್ಪತ್ರೆ ಸೇರಿಸಿದರು. ಪರೀಕ್ಷಿಸಿದ ವೈದ್ಯರು, “ಬೆಳಗಿನ ತನಕ ಕಾದಿದ್ದರೆ ನಾವು ಮಾಡುವುದು ಏನೂ ಇರುತ್ತಿರಲಿಲ್ಲ” ಎಂದರು.

ಆ ರಾತ್ರಿ ತಂದೆಯವರಿಗೆ ಮಾಡಲು ಯಾವ ಕೆಲಸವೂ ಇರಲಿಲ್ಲ. ಆಸ್ಪತ್ರೆಯ ಬೆಂಚಿನ ಅಂಚಿನಲ್ಲಿ ಕುಳಿತರು, ಎದ್ದರು, ಮತ್ತೆ ಕುಳಿತರು. ಬೆಳಗಿನ ಜಾವಕ್ಕೆ ನಾನು ಕಣ್ಣುಬಿಟ್ಟು ನೋಡಿದಾಗ ಅವರು ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ಕಂಡು, “ಕಾಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ ಕಣೋ. ಅಣ್ಣಯ್ಯ ಜೀವಮಾನವೆಲ್ಲ ಇದನ್ನು ಹೇಗೆ ಮಾಡಿಕೊಂಡು ಬಂದನೋ!” ಎಂದರು. ಕೂತಿರುವವನು ಸೋಮಾರಿ ಎಂದು ಅಷ್ಟು ವರ್ಷ ತಿಳಿದಿದ್ದವರ ಮಾತು ಅದು.

ನಾನು ಓದಿದ ಪುಸ್ತಕ ಕೊನೆಯ ಮಾತಲ್ಲವೆಂಬುದು ಆಮೇಲೆ ತಿಳಿಯಿತು. ಅದೇ ಜನರನ್ನು ಇಪ್ಪತ್ತೆರಡು ವರ್ಷ ಹಿಂಬಾಲಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯರೋಗ ಬಂದವರ ಪೈಕಿ ‘ಎ’ ಮಾದರಿಯವರೇ ಹೆಚ್ಚು ಮಂದಿ ಬದುಕಿ ಉಳಿದಿದ್ದರು. ಅವಸರಕ್ಕಿಂತ ಹಗೆತನ ಮತ್ತು ಒಳಗೇ ಕುದಿಯುವ ಕೋಪ ಹೃದಯಕ್ಕೆ ಹೆಚ್ಚು ಕೇಡೆಂದು ಅನೇಕ ಸಂಶೋಧಕರು ಅಭಿಪ್ರಾಯಪಟ್ಟರು. ಮನುಷ್ಯರನ್ನು ಎರಡೇ ಗೂಡುಗಳಲ್ಲಿ ತುಂಬಿಡುವುದು ಕಾಯಿಗಳನ್ನು ವಿಂಗಡಿಸಿದಷ್ಟು ಸುಲಭವಲ್ಲ. ಅವಸರದವರಲ್ಲಿಯೂ ಎಲ್ಲೋ ಒಂದು ತಾಳ್ಮೆ, ನಿಧಾನಿಗಳಲ್ಲಿಯೂ ಎಲ್ಲೋ ಒಂದು ಕಾತರ ಅಡಗಿರುತ್ತದೆ. ನಮ್ಮಂತಿಲ್ಲದವರನ್ನು ‘ದುಡುಕ’ ಎಂದೋ ‘ಸೋಮಾರಿ’ ಎಂದೋ ಒಂದೇ ಮಾತಿನಲ್ಲಿ ಅಳೆದುಬಿಡುತ್ತೇವೆ. ನಮ್ಮ ಸಂಕಟದ ದಿನ ನಮ್ಮನ್ನು ಕಾಯುವುದು ನಮ್ಮಲ್ಲಿಲ್ಲದ ಆ ಗುಣವೇ ಇರಬಹುದು ಎಂಬುದನ್ನು ಮರೆತುಬಿಡುತ್ತೇವೆ.

ದೊಡ್ಡಪ್ಪನವರು ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ತಂದೆಯವರಿಗೆ ಈಗ ಅಟ್ಟ ಹತ್ತಲಾಗುವುದಿಲ್ಲ. ಆದರೂ ಐದನೆಯ ತಿಂಗಳಿಗೇ, “ಒಂದು ಸಲ ನೋಡಿ ಬಾರೋ” ಎಂದು ನನ್ನನ್ನು ಏಣಿ ಹತ್ತಿಸುತ್ತಾರೆ. ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ನೀರು ಕುಲುಕುತ್ತದೆ. “ಇನ್ನೂ ಆಗಿಲ್ಲಪ್ಪ” ಎಂದು ಮೇಲಿನಿಂದ ಕೂಗುತ್ತೇನೆ. ಕೆಳಗೆ ಸ್ವಲ್ಪ ಹೊತ್ತು ಮೌನ. ಬಳಿಕ ಮೆಲ್ಲನೆಯ ದನಿ ಕೇಳಿಬರುತ್ತದೆ:

“ಸರಿ, ನೋಡೋಣ.”