ಬಾಡಿಗೆ ಕಾರೋ, ರೈಲು ಬಸ್ಸೋ

ಪರದೇಶಕ್ಕೆ ಹೋದಾಗ ಕಾರು ಬಾಡಿಗೆಗೆ ಹಿಡಿಯಬೇಕೋ, ಅಲ್ಲಿನ ರೈಲು ಬಸ್ಸುಗಳನ್ನೇ ನೆಚ್ಚಬೇಕೋ ಎಂಬ ಪ್ರಶ್ನೆಗೆ ಮೊದಲ ಉತ್ತರ ಕೊಡುವುದು ಪ್ರವಾಸಿಯ ಇಷ್ಟವಲ್ಲ, ಆ ನೆಲ. ಅಲ್ಲಿ ಜನ ಎಷ್ಟು ಒತ್ತಾಗಿ ನೆಲೆಸಿದ್ದಾರೆ, ಊರ ನಡುವಿನ ಓಣಿಗಳು ಎಷ್ಟು ಹಳೆಯವು, ಆಳಿದವರು ತಲೆಮಾರುಗಳಿಂದ ದುಡ್ಡು ಸುರಿದದ್ದು ಹಳಿಗೋ ಡಾಂಬರಿಗೋ ಎಂಬುದು ಗೊತ್ತಾದರೆ ಅರ್ಧ ತೀರ್ಮಾನವಾದಂತೆಯೇ. ಉಳಿದರ್ಧ ಜೊತೆಗಾರರು, ಜೇಬು ಮತ್ತು ಕಾಗದಪತ್ರಗಳ ಕೈಯಲ್ಲಿದೆ.

ರೈಲಿನ ಪರವಾಗಿ ಸಾಕ್ಷಿ ಹೇಳಬೇಕಾದ ದೇಶ ಸ್ವಿಟ್ಜರ್ಲೆಂಡ್. 1982ರಲ್ಲಿ ಅಲ್ಲಿ ದೇಶಕ್ಕೆಲ್ಲ ಒಂದೇ ತಾಳದ ವೇಳಾಪಟ್ಟಿ ಬಂತು. ಬೆಳಗ್ಗೆ 8 ಗಂಟೆ 2 ನಿಮಿಷಕ್ಕೆ ಒಂದು ರೈಲು ಹೊರಟರೆ, ಮುಂದಿನದು 9 ಗಂಟೆ 2 ನಿಮಿಷಕ್ಕೆ, ಅದರ ಮುಂದಿನದು 10 ಗಂಟೆ 2 ನಿಮಿಷಕ್ಕೆ. ದೊಡ್ಡ ಜಂಕ್ಷನ್ನಿಗೆ ಬೇರೆ ಬೇರೆ ದಿಕ್ಕಿನ ರೈಲುಗಳು ಗಂಟೆ ಬಡಿಯುವ ತುಸು ಮೊದಲು ಬಂದು, ಬಡಿದ ತುಸು ಹೊತ್ತಿಗೆ ಹೊರಡುವುದರಿಂದ ಇಳಿದವರು ಹತ್ತಲು ಕಾದು ಕೂರಬೇಕಿಲ್ಲ. ಹಳಿ ಮುಗಿದಲ್ಲಿ ಹಳದಿ ಬಣ್ಣದ ಪೋಸ್ಟ್‌ಬಸ್ಸು, ಸರೋವರ ಅಡ್ಡ ಬಂದಲ್ಲಿ ಹಡಗು. 3ರಿಂದ 15 ದಿನಗಳವರೆಗೆ ಸಿಗುವ ಸ್ವಿಸ್ ಟ್ರಾವೆಲ್ ಪಾಸ್ ಒಂದಿದ್ದರೆ ಈ ಮೂರಕ್ಕೂ ಬೇರೆ ಬೇರೆ ಟಿಕೆಟ್ ಕೊಳ್ಳುವ ರಗಳೆಯಿಲ್ಲ. ಯುಂಗ್‌ಫ್ರೌಯೋಖ್‌ನಂಥ ಎತ್ತರಗಳಿಗೆ ಮಾತ್ರ ರಿಯಾಯಿತಿ ದರದಲ್ಲಿ ಮತ್ತೆ ದುಡ್ಡು ತೆರಬೇಕು. ಇಂಥ ಕಡೆ ಕಾರು ಅನೇಕ ವೇಳೆ ಹೊರೆಯೇ. ಮ್ಯಾಟರ್‌ಹಾರ್ನ್ ಶಿಖರದ ಬುಡದಲ್ಲಿರುವ ಜೆರ್ಮಾಟ್‌ಗೆ ಪ್ರವಾಸಿಗರ ಕಾರು ಬಿಡುವುದಿಲ್ಲ. ಸುಮಾರು 5 ಕಿಲೋಮೀಟರ್ ಹಿಂದಿನ ಟೆಶ್ ಎಂಬಲ್ಲಿ ಅದನ್ನು ನಿಲ್ಲಿಸಿ, ನಿಲ್ಲಿಸಿದ್ದಕ್ಕೂ ದುಡ್ಡು ಕೊಟ್ಟು, ಕೊನೆಗೆ ರೈಲನ್ನೇ ಹತ್ತಬೇಕು. ವೆಂಗನ್, ಮ್ಯೂರನ್ ಊರುಗಳಿಗೂ ಕಾರಿನಲ್ಲಿ ಹೋಗುವಂತಿಲ್ಲ.

ಇದರ ತದ್ವಿರುದ್ಧ ತುದಿ ಐಸ್‌ಲೆಂಡ್. ಅಲ್ಲಿ ಪ್ರಯಾಣಿಕರ ರೈಲೇ ಇಲ್ಲ. 4 ಲಕ್ಷದ ಆಸುಪಾಸಿನ ಜನ, ಅವರಲ್ಲೂ ಹೆಚ್ಚಿನವರು ರಾಜಧಾನಿ ರೇಕ್ಯಾವಿಕ್‌ನ ಸುತ್ತಮುತ್ತ. ಉಳಿದ ನೆಲಕ್ಕೆ ಹಳಿ ಹಾಕಿದರೆ ಕೂರುವವರು ಯಾರು? 1974ರಲ್ಲಿ ಪೂರ್ಣಗೊಂಡ 1,300 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಒಂದನೇ ನಂಬರಿನ ರಸ್ತೆ ದೇಶವನ್ನೇ ಸುತ್ತುವ ರಿಂಗ್ ರೋಡು. ಜಲಪಾತ, ಹಿಮನದಿ, ಕಪ್ಪು ಮರಳಿನ ಕಡಲತೀರಗಳಲ್ಲಿ ಬಹಳಷ್ಟು ಅದರ ಪಕ್ಕದಲ್ಲೇ ಇದ್ದು, ಮನಸ್ಸು ಬಂದಲ್ಲಿ ನಿಲ್ಲುವ ಸ್ವಾತಂತ್ರ್ಯ ಇರುವುದು ಸ್ವಂತ ಸ್ಟಿಯರಿಂಗ್ ಹಿಡಿದವರಿಗೆ. ಆದರೆ ಆ ಸ್ವಾತಂತ್ರ್ಯಕ್ಕೂ ಷರತ್ತುಗಳಿವೆ. ಒಳನಾಡಿನ ‘ಎಫ್’ ರಸ್ತೆಗಳು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತವೆ, ಅಲ್ಲಿಗೆ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು. ಬಾಗಿಲು ತೆರೆದೊಡನೆ ಗಾಳಿ ಅದನ್ನು ಕಿತ್ತುಕೊಳ್ಳುವಂತೆ ಬೀಸುವುದುಂಟು. ಹಾಗೆ ಮುರಿದ ಬಾಗಿಲಿಗೆ ಸಾಮಾನ್ಯ ವಿಮೆ ಬಹುಮಟ್ಟಿಗೆ ಒದಗುವುದಿಲ್ಲ. ಚಳಿಗಾಲದ ಹಿಮದ ರಸ್ತೆಯಲ್ಲಿ ಓಡಿಸಿ ರೂಢಿಯಿಲ್ಲದವರಿಗೆ ರೇಕ್ಯಾವಿಕ್‌ನಿಂದ ಹೊರಡುವ ಪ್ರವಾಸಿ ಬಸ್ಸುಗಳೇ ಸುರಕ್ಷಿತ.

ಹೆಚ್ಚಿನ ದೇಶಗಳು ಈ ಎರಡು ತುದಿಗಳ ನಡುವೆ ಬರುತ್ತವೆ. ಇಟಲಿಯ ಟಸ್ಕನಿ ಅದಕ್ಕೆ ಒಳ್ಳೆಯ ಮಾದರಿ. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಇಳಿದರೆ ಊರ ನಡುವೆಯೇ ಇಳಿದಂತೆ. ಅದೇ ಫ್ಲಾರೆನ್ಸ್‌ನ ಹಳೆಯ ಕೇರಿಗಳಿಗೆ ಕಾರು ನುಗ್ಗಿಸಿದರೆ ‘ಝೆಡ್‌ಟಿಎಲ್’ ಎಂಬ ನಿರ್ಬಂಧಿತ ವಲಯದ ಕ್ಯಾಮೆರಾ ನಂಬರ್ ಪ್ಲೇಟನ್ನು ಓದಿಕೊಳ್ಳುತ್ತದೆ. ಪೊಲೀಸರು ಯಾರೂ ಕೈ ಅಡ್ಡ ಹಿಡಿಯುವುದಿಲ್ಲವಾದ್ದರಿಂದ ತಪ್ಪು ನಡೆದದ್ದೇ ಗೊತ್ತಾಗುವುದಿಲ್ಲ. ಪ್ರವಾಸಿ ಊರಿಗೆ ಮರಳಿ ಎಷ್ಟೋ ದಿನಗಳಾದ ಮೇಲೆ ದಂಡದ ಚೀಟಿ ಬರುತ್ತದೆ. ಹೆಸರು ವಿಳಾಸ ಒದಗಿಸಿದ್ದಕ್ಕೆ ಬಾಡಿಗೆ ಕಂಪನಿಯೂ ಬೇರೆಯಾಗಿ ಶುಲ್ಕ ಹಾಕುವುದುಂಟು. ಆದರೆ ದಕ್ಷಿಣಕ್ಕೆ, ಸೈಪ್ರಸ್ ಮರಗಳ ಸಾಲಿಗೆ ಹೆಸರಾದ ವಾಲ್ ದೋರ್ಚಾ ಕಣಿವೆಗೆ ಹೋಗಬೇಕೆಂದರೆ ಕಾರಿಗೇ ಮೇಲುಗೈ. ಗುಡ್ಡದ ಮೇಲಿನ ಪಿಯೆಂಜಾ ಊರಿಗೆ ರೈಲಿಲ್ಲ, ಬಸ್ಸುಗಳೂ ಬೆರಳೆಣಿಕೆಯವು.

ನೆಲ ಕಾರನ್ನು ಕೇಳಿತೆಂದಾದರೆ ಮುಂದಿನದು ಕಾಗದಪತ್ರ. ಭಾರತದ ಡಿಎಲ್ ಇದ್ದವರು ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಬೇಕು. ಅದು ಒಂದು ವರ್ಷ ಮಾತ್ರ ನಡೆಯುತ್ತದೆ, ಮೂಲ ಡಿಎಲ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಜಪಾನ್ 1949ರ ಜಿನೀವಾ ಒಪ್ಪಂದದ ಮಾದರಿಯ ಪರ್ಮಿಟ್ಟನ್ನಷ್ಟೇ ಒಪ್ಪುತ್ತದೆ. ಭಾರತ ಆ ಒಪ್ಪಂದಕ್ಕೆ ಸೇರಿದ ದೇಶ. ಚೀನಾದಲ್ಲಿ ಈ ಪರ್ಮಿಟ್ ನಡೆಯುವುದೇ ಇಲ್ಲ. ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಲ್ಲಿ ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡಿಸುತ್ತಾರೆ. ಯೂರೋಪಿನ ಮುಖ್ಯ ನೆಲದಲ್ಲೂ ಅಮೆರಿಕದಲ್ಲೂ ಬಲಕ್ಕೆ. ವಾಹನಗಳ ಸಾಲಿನಲ್ಲಿ ಹೋಗುವಾಗ ಇದು ಕಷ್ಟವೆನಿಸುವುದಿಲ್ಲ. ಖಾಲಿ ರಸ್ತೆಗೆ ತಿರುಗುವಾಗ, ಪೆಟ್ರೋಲ್ ಬಂಕಿನಿಂದ ಹೊರಬೀಳುವಾಗ ಹಳೆಯ ಅಭ್ಯಾಸ ಕೈ ಹಿಡಿದು ಎಡಕ್ಕೆ ಎಳೆಯುತ್ತದೆ. ಯೂರೋಪಿನಲ್ಲಿ ಅಗ್ಗವಾಗಿ ಸಿಗುವುದು ಗೇರಿನ ಕಾರು, ಅದನ್ನೂ ಬಲಗೈಯಲ್ಲಿ ಬದಲಿಸಬೇಕು. ಆಟೊಮ್ಯಾಟಿಕ್ ಬೇಕೆಂದರೆ ಸಾಮಾನ್ಯವಾಗಿ ಬಾಡಿಗೆ ಏರುತ್ತದೆ.

ಜಾಹೀರಾತಿನಲ್ಲಿ ಕಾಣುವ ದಿನದ ಬಾಡಿಗೆ ಖರ್ಚಿನ ಒಂದು ಭಾಗವಷ್ಟೇ. ಅಪಘಾತವಾದರೆ ವಿಮೆಗೆ ಮುಂಚೆ ಬಾಡಿಗೆದಾರನೇ ತುಂಬಬೇಕಾದ ಮೊತ್ತ, ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದಿಡುವ ಠೇವಣಿ, ಎರಡನೇ ಚಾಲಕನ ಹೆಸರು ಸೇರಿಸಲು ಶುಲ್ಕ, ಮಗುವಿನ ಸೀಟು, ಟೋಲು, ಪೆಟ್ರೋಲು, ಪಾರ್ಕಿಂಗು, ಒಂದೂರಲ್ಲಿ ಪಡೆದು ಇನ್ನೊಂದೂರಲ್ಲಿ ಬಿಡುವುದಕ್ಕೆ ದಂಡದಂಥ ದರ ಎಲ್ಲವೂ ಕೂಡಿದ ಮೇಲೆ ಬರುವುದೇ ನಿಜವಾದ ಲೆಕ್ಕ. ಪಾಸುಗಳೂ ಕಣ್ಣುಮುಚ್ಚಿ ಕೊಳ್ಳುವಂಥವಲ್ಲ. ಜಪಾನಿನ 7 ದಿನದ ರೈಲು ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್ಸೆನ್ ರೈಲಿನಲ್ಲಿ ಹೋಗಿಬರಲು ಅಂದಾಜು 28,000 ಯೆನ್ ಸಾಕಾಗುವಾಗ, ಅಷ್ಟಕ್ಕೇ ಪಾಸ್ ಕೊಂಡವರಿಗೆ ನಷ್ಟವೇ.

ರೈಲಿನ ದರ ತಲೆ ಎಣಿಸುತ್ತದೆ, ಕಾರಿನ ಬಾಡಿಗೆ ಎಣಿಸುವುದಿಲ್ಲ. ಒಬ್ಬರೋ ಇಬ್ಬರೋ ಆದರೆ ರೈಲು ಹಗುರ, ನಾಲ್ವರಾದರೆ ತಕ್ಕಡಿ ಕಾರಿನ ಕಡೆ ವಾಲಬಹುದು. ಮೆಟ್ಟಿಲು ಹತ್ತಲಾರದ ಹಿರಿಯರು, ದೊಡ್ಡ ಸೂಟ್‌ಕೇಸುಗಳು, ಹೊತ್ತಿಗೆ ಸರಿಯಾಗಿ ಮಲಗಬೇಕಾದ ಕೂಸು ಇದ್ದರೂ ಹಾಗೆಯೇ. ಆದರೆ ಓಡಿಸುವ ಒಬ್ಬರಿಗೆ ಕಿಟಕಿಯಾಚೆಯ ನೋಟ ತಪ್ಪುತ್ತದೆ. ಊಟದ ಜೊತೆ ವೈನ್ ಕುಡಿಯುವ ಅವಕಾಶವೂ ಇಲ್ಲ.

ಹೀಗಾಗಿ ಇಡೀ ಪ್ರವಾಸಕ್ಕೆ ಒಂದೇ ಉತ್ತರ ಹುಡುಕುವ ಬದಲು ದಾರಿಯನ್ನು ತುಂಡು ಮಾಡಿ ನೋಡುವುದು ಲೇಸು. ದೊಡ್ಡ ನಗರದೊಳಗೆ ಮೆಟ್ರೊ ಮತ್ತು ಕಾಲು, ನಗರದಿಂದ ನಗರಕ್ಕೆ ರೈಲು, ಹಳ್ಳಿಗಾಡಿಗೆ ಕಾರು. ಟಸ್ಕನಿಯಲ್ಲಾದರೆ ಫ್ಲಾರೆನ್ಸ್ ನೋಡಿ ಮುಗಿಸಿದ ದಿನ ಊರಾಚೆಯ ವಿಮಾನ ನಿಲ್ದಾಣದಲ್ಲಿ ಕಾರು ಪಡೆದು, ಕಣಿವೆ ಸುತ್ತಿ, ಮುಂದಿನ ನಗರದ ಅಂಚಿನಲ್ಲೇ ಒಪ್ಪಿಸಬಹುದು. ಪಡೆಯುವಾಗಲೂ ಒಪ್ಪಿಸುವಾಗಲೂ ಗಾಡಿಯ ಗೀರುಗಳ ಫೋಟೊ ತೆಗೆದಿಟ್ಟುಕೊಂಡರೆ ಆಮೇಲಿನ ವಾದ ತಪ್ಪುತ್ತದೆ. ದಿನದಿನದ ಪಟ್ಟಿಯಲ್ಲಿ, ಕಾರನ್ನು ಸುಮ್ಮನೆ ನಿಲ್ಲಿಸಲೆಂದೇ ಬಾಡಿಗೆ ಕಟ್ಟುವ ದಿನಗಳು ಕಂಡರೆ ಅವನ್ನು ಹೊಡೆದುಹಾಕಿದರಾಯಿತು.